ಬೆಂಕಿಯ ಎದುರು ಕಟ್ಟಡ: ಗಂಟೆಗಳ ಲೆಕ್ಕ

ಕಾಂಕ್ರೀಟು ಹೊತ್ತಿ ಉರಿಯುವುದಿಲ್ಲ, ತೊಲೆ ಕಂಬಗಳ ಉಕ್ಕೂ ಉರಿಯುವುದಿಲ್ಲ. ಆದರೂ ಇವೆರಡನ್ನೇ ನೆಚ್ಚಿ ಕಟ್ಟಿದ ಕಟ್ಟಡ ಬೆಂಕಿಗೆ ಸಿಕ್ಕಿ ಕುಸಿಯಬಲ್ಲದು. 2017ರ ಮೇ 31ರ ನಸುಕಿನಲ್ಲಿ ಚೆನ್ನೈನ ತ್ಯಾಗರಾಯ ನಗರದ ಉಸ್ಮಾನ್ ರಸ್ತೆಯಲ್ಲಿದ್ದ ಏಳು ಅಂತಸ್ತಿನ ‘ಚೆನ್ನೈ ಸಿಲ್ಕ್ಸ್’ ಜವಳಿ ಮಳಿಗೆಗೆ ಹತ್ತಿದ ಬೆಂಕಿ ಹಗಲೆಲ್ಲ ಉರಿದು ರಾತ್ರಿಯೂ ಆರಲಿಲ್ಲ. ಮರುದಿನ ಬೆಳಗಿನ ಜಾವ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದದ್ದನ್ನು ಯಂತ್ರಗಳಿಂದ ಕೆಡವಬೇಕಾಯಿತು. ಅದೇ ನಗರದ ಮೌಂಟ್ ರೋಡಿನಲ್ಲಿ 1959ರಲ್ಲಿ ಉದ್ಘಾಟನೆಗೊಂಡ ಎಲ್‌ಐಸಿ ಕಟ್ಟಡ 1975ರ ಜುಲೈನಲ್ಲಿ ಭಾರಿ ಬೆಂಕಿಗೆ ತುತ್ತಾಗಿತ್ತು. ಅದರ ಚೌಕಟ್ಟು ಬೀಳಲಿಲ್ಲ. ದುರಸ್ತಿಗೊಂಡು ಇಂದಿಗೂ ಬಳಕೆಯಲ್ಲಿದೆ. ಬೆಂಕಿಗೆ ಎಂದೂ ಜಗ್ಗದ ಕಟ್ಟಡವಿಲ್ಲ. ಎಷ್ಟು ಹೊತ್ತು ತಡೆದುಕೊಳ್ಳಬೇಕು ಎಂಬುದಷ್ಟೇ ವಿನ್ಯಾಸಕಾರರ ಪ್ರಶ್ನೆ.

ಕೋಣೆಯೊಳಗೆ ಹುಟ್ಟಿದ ಬೆಂಕಿ ಮೊದಲು ಒಂದು ಮೂಲೆಯಲ್ಲಿರುತ್ತದೆ. ಚಾವಣಿಯಡಿ ಸೇರಿದ ಬಿಸಿ ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಶಾಖಕ್ಕೇ ಉಳಿದ ಸಾಮಾನುಗಳೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಪೆಟ್ಟು ಬೀಳುವುದು ಚೌಕಟ್ಟಿಗೆ. ಪ್ರಯೋಗಾಲಯದ ಕುಲುಮೆಗಳಲ್ಲಿ ಅನುಸರಿಸುವ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಬೆಂಕಿಯ ತಾಪ ಅರ್ಧ ಗಂಟೆಗೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1,049 ಡಿಗ್ರಿಗೆ ಏರುತ್ತದೆ. ಈ ಕುಲುಮೆಯಲ್ಲಿ ಹೊರೆ ಹೊತ್ತು ಎರಡು ಗಂಟೆ ನಿಂತ ತೊಲೆಗೆ ‘ಎರಡು ಗಂಟೆಯ ಅಗ್ನಿನಿರೋಧ’ ಇದೆ ಎನ್ನುತ್ತಾರೆ. ನಿಜವಾದ ಬೆಂಕಿ ಈ ರೇಖೆಯನ್ನು ಪಾಲಿಸಬೇಕೆಂದಿಲ್ಲ. ಬಟ್ಟೆ, ಪ್ಲಾಸ್ಟಿಕ್ ತುಂಬಿದ ಮಳಿಗೆಯಲ್ಲಿ ಉರುವಲು ಹೆಚ್ಚು, ಉರಿಯುವ ಅವಧಿಯೂ ಹೆಚ್ಚು.

ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಆದರೆ ಅದು ಸೋಲುವುದು ಅದಕ್ಕೆ ಬಹಳ ಮೊದಲೇ. ಭಾರತೀಯ ಉಕ್ಕಿನ ಸಂಹಿತೆ ಐಎಸ್ 800 ಕೊಡುವ ಸೂತ್ರದಂತೆ 215 ಡಿಗ್ರಿಯವರೆಗೆ ಉಕ್ಕಿನ ಬಲ ಕುಗ್ಗುವುದಿಲ್ಲ. 560 ಡಿಗ್ರಿಗೆ ಅರ್ಧಕ್ಕೆ ಇಳಿದಿರುತ್ತದೆ. ಉಕ್ಕು ಹಿಗ್ಗುವುದೂ ಉಂಟು: ಹತ್ತು ಮೀಟರ್ ಉದ್ದದ ತೊಲೆಯ ತಾಪ 500 ಡಿಗ್ರಿ ಏರಿದರೆ ಅದು ಸುಮಾರು 6 ಸೆಂಟಿಮೀಟರ್ ಉದ್ದವಾಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ತೊಲೆ ಬಾಗುತ್ತದೆ, ಇಲ್ಲವೆ ಕಂಬವನ್ನೇ ಆಚೆಗೆ ತಳ್ಳುತ್ತದೆ.

ಶಾಖ ಉಕ್ಕಿನಲ್ಲಿ ಹರಿಯುವುದಕ್ಕಿಂತ ಹತ್ತಾರು ಪಟ್ಟು ನಿಧಾನವಾಗಿ ಕಾಂಕ್ರೀಟಿನಲ್ಲಿ ಹರಿಯುತ್ತದೆ. ಹೊರಮೈ ಕಾದು ಕೆಂಡವಾಗಿದ್ದರೂ ಒಳಗಿನ ತಿರುಳು ತಣ್ಣಗಿರಬಲ್ಲದು. 100 ಡಿಗ್ರಿ ದಾಟಿದಾಗ ಒಳಗಿನ ನೀರು ಆವಿಯಾಗುತ್ತದೆ. 400ರಿಂದ 500 ಡಿಗ್ರಿಯ ನಡುವೆ ಸಿಮೆಂಟಿನ ಅಂಟಿನಲ್ಲಿರುವ ಸುಣ್ಣದ ಅಂಶ ಒಡೆಯುತ್ತದೆ. 573 ಡಿಗ್ರಿಯಲ್ಲಿ ಜಲ್ಲಿ ಮರಳಿನ ಬೆಣಚು ರೂಪ ಬದಲಿಸಿ ಉಬ್ಬುತ್ತದೆ. ಆವಿಗೆ ಹೊರದಾರಿ ಸಿಗದಿದ್ದರೆ ಒತ್ತಡ ಏರಿ ಮೇಲ್ಪದರ ಸಿಡಿದು ಉದುರುತ್ತದೆ. ಸಾಂದ್ರವಾದ ಹೆಚ್ಚು ಬಲದ ಕಾಂಕ್ರೀಟಿಗೆ ಈ ಅಪಾಯ ಜಾಸ್ತಿ. ಅದಕ್ಕೆ ಪಾಲಿಪ್ರೊಪಿಲೀನ್ ಎಳೆಗಳನ್ನು ಬೆರೆಸುತ್ತಾರೆ. ಸುಮಾರು 160 ಡಿಗ್ರಿಯಲ್ಲಿ ಅವು ಕರಗಿ ಆವಿಗೆ ಸಣ್ಣ ದಾರಿಗಳನ್ನು ಬಿಡುತ್ತವೆ.

ಕಬ್ಬಿಣದ ಸರಳಿನಿಂದ ಹೊರಮೈಗೆ ಇರುವ ಕಾಂಕ್ರೀಟಿನ ದಪ್ಪವೇ ‘ಕವರ್’. ಗಾರೆಯವರು ಸರಳಿನ ಕೆಳಗೆ ಇಡುವ ಪುಟ್ಟ ಸಿಮೆಂಟ್ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಈ ದಪ್ಪವನ್ನು ಕಾಯುತ್ತದೆ. ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456 ಪ್ರಕಾರ ಎರಡು ತುದಿಗಳಲ್ಲಿ ಸುಮ್ಮನೆ ಆನಿಕೊಂಡ ತೊಲೆಗೆ ಒಂದು ಗಂಟೆಯ ನಿರೋಧಕ್ಕೆ 20 ಮಿಲಿಮೀಟರ್ ಕವರ್ ಸಾಕು. ಎರಡು ಗಂಟೆಗೆ 40, ನಾಲ್ಕು ಗಂಟೆಗೆ 70 ಬೇಕು. ಹಲವು ಕಂಬಗಳ ಮೇಲೆ ಅಖಂಡವಾಗಿ ಸಾಗುವ ತೊಲೆಗೆ ಎರಡು ಗಂಟೆಗೆ 30, ನಾಲ್ಕು ಗಂಟೆಗೆ 50 ಸಾಕು. ಕೆಳಗಿನ ಸರಳುಗಳು ಕಾದು ಸೋತರೂ ಕಂಬಗಳ ನೆತ್ತಿಯ ಬಳಿಯ ಮೇಲಿನ ಸರಳುಗಳು ಹೊರೆಯ ಒಂದು ಪಾಲನ್ನು ಹೊರುವುದರಿಂದ ಈ ರಿಯಾಯಿತಿ. ನಾಲ್ಕೂ ಕಡೆ ಬೆಂಕಿ ತಾಗುವ ಕಂಬ ಎರಡು ಗಂಟೆಗೆ ಕನಿಷ್ಠ 300, ನಾಲ್ಕು ಗಂಟೆಗೆ 450 ಮಿಲಿಮೀಟರ್ ಅಗಲವಿರಬೇಕು. ಬಿಲ್ಲೆ ಜಾರಿ ಸರಳು ತಳಕ್ಕೆ ತಾಗಿದ ಕಡೆ ಕಾಗದದ ಮೇಲಿನ ಎರಡು ಗಂಟೆ ಕಟ್ಟಡದಲ್ಲಿ ಸಿಗುವುದಿಲ್ಲ.

ಬರಿಯ ಉಕ್ಕಿನ ಚೌಕಟ್ಟಿಗೆ ಕಾಪು ಹೊರಗಿನಿಂದ ಬರಬೇಕು. ಜಿಪ್ಸಂ ಹಲಗೆ, ವರ್ಮಿಕ್ಯುಲೈಟ್ ಗಾರೆ ಇಲ್ಲವೆ ಬಿಸಿಯಾದಾಗ ಹಲವು ಪಟ್ಟು ಉಬ್ಬಿ ಇದ್ದಿಲ ನೊರೆಯಾಗುವ ಬಣ್ಣ ಇಂಥ ಕಾಪುಗಳಲ್ಲಿ ಮುಖ್ಯ.

ಮರ ಉರಿಯುತ್ತದೆ ನಿಜ, ಆದರೆ ದಪ್ಪ ತೊಲೆ ಲೆಕ್ಕಕ್ಕೆ ಸಿಗುವಂತೆ ಉರಿಯುತ್ತದೆ. ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಇದ್ದಿಲಾಗುತ್ತದೆ, ಆ ಪದರವೇ ಒಳಗಿನ ತಿರುಳಿಗೆ ರಕ್ಷೆ. ತಿರುಳು ತೀರಾ ಸಣ್ಣದಾದಾಗ ಮೇಲಿನ ಭಾರವೆಲ್ಲ ಕುಸಿದು ಬೀಳುತ್ತದೆ. ಮರದ ಜಂತಿಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ‘ಮದ್ರಾಸ್ ತಾರಸಿ’ ಚೆನ್ನೈನ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ. ಅಲ್ಲಿ ಆ ಭಾರವೂ ದೊಡ್ಡದು. 2012ರ ಜನವರಿಯಲ್ಲಿ ಚೆಪಾಕ್ ಅರಮನೆಯ ಕಲಸ್ ಮಹಲಿಗೆ ಬೆಂಕಿ ಬಿದ್ದಾಗ ಕುಸಿದ ಭಾಗಕ್ಕೆ ಸಿಕ್ಕಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು.

ಚೌಕಟ್ಟು ಗಟ್ಟಿಯಿದ್ದರೆ ಸಾಲದು. 2010ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಾಗ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡ ಬೀಳಲಿಲ್ಲ. ಆದರೂ ಹೊಗೆ ತುಂಬಿ ಒಂಬತ್ತು ಜನ ಸತ್ತರು. ಆದ್ದರಿಂದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಚೌಕಟ್ಟಿನ ಜೊತೆಗೆ ಬೆಂಕಿತಡೆ ಗೋಡೆ ಬಾಗಿಲುಗಳಿಂದ ಮಹಡಿಯನ್ನು ವಿಭಾಗಿಸುವುದು, ಮೆಟ್ಟಿಲಿಗೆ ಹೊಗೆ ನುಗ್ಗದಂತೆ ತಡೆಯುವುದು, ಸ್ಪ್ರಿಂಕ್ಲರ್ ಅಳವಡಿಸುವುದು ಇವನ್ನೂ ಹೇಳುತ್ತದೆ. ವೈರು ಕೊಳವೆಗಳು ಮಹಡಿಯಿಂದ ಮಹಡಿಗೆ ಹಾಯುವ ಕಿಂಡಿಗಳನ್ನು ಮುಚ್ಚದಿದ್ದರೆ ಈ ವಿಭಜನೆ ನಿಷ್ಫಲ.

ಬೆಂಕಿ ಆರಿದ ಮೇಲೆ ಉಳಿದ ಬಲವನ್ನು ಅಳೆಯಬೇಕು. ಕೆಲವು ಬಗೆಯ ಜಲ್ಲಿಯ ಕಾಂಕ್ರೀಟು 300 ಡಿಗ್ರಿ ದಾಟಿದಾಗ ನಸುಗೆಂಪಾಗುವುದರಿಂದ ಬಣ್ಣ ಬದಲಾದ ಆಳವೇ ಶಾಖ ಹೊಕ್ಕ ಆಳದ ಅಂದಾಜು ಕೊಡುತ್ತದೆ. ಕೊರೆದು ತೆಗೆದ ತಿರುಳನ್ನು ಒತ್ತಿ ನೋಡುತ್ತಾರೆ, ಸರಳಿನ ತುಂಡನ್ನು ಎಳೆದು ನೋಡುತ್ತಾರೆ. ತಣ್ಣಗಾದ ಉಕ್ಕು ಕಳೆದ ಬಲವನ್ನು ಬಹುಪಾಲು ಮರಳಿ ಪಡೆಯಬಹುದು. ಆದರೆ ಟಿಎಂಟಿ ಸರಳು 600 ಡಿಗ್ರಿ ಮೀರಿ ಕಾದರೆ ಅದರ ಗಡಸು ಹೊರಪದರ ಮೆತ್ತಗಾಗುತ್ತದೆ. ಕಾಂಕ್ರೀಟು ಕಳೆದುಕೊಂಡದ್ದು ಮರಳುವುದಿಲ್ಲ. ಕೆಟ್ಟ ಪದರವನ್ನು ಕೆತ್ತಿ ಹೊಸದನ್ನು ತುಂಬಬೇಕೋ, ಕಟ್ಟಡವನ್ನೇ ಕೆಡವಬೇಕೋ ಎಂಬುದನ್ನು ಈ ಅಳತೆಗಳ ಆಧಾರದ ಮೇಲೆ ತೀರ್ಮಾನಿಸುತ್ತಾರೆ.