ಗಣಕ ವಿಜ್ಞಾನದಲ್ಲಿ ಪದವಿ ಪ್ರಬಂಧದ ಪರಿಸಮಾಪ್ತಿ

ಗಣಕ ವಿಜ್ಞಾನದ ಪದವಿ ತರಗತಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಒಂದು ಪ್ರಬಂಧವನ್ನು ಬರೆದೊಪ್ಪಿಸಬೇಕೆಂಬ ನಿಯಮವು ನಮ್ಮ ಕಾಲೇಜುಗಳಲ್ಲಿ ರೂಢಿಯಲ್ಲಿರುವುದಷ್ಟೆ. ವಿದ್ಯಾರ್ಥಿಗಳು ಅದನ್ನು ‘ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ತೊಡಕಿನ ಬೀಜ ಆ ಹೆಸರಿನಲ್ಲಿಯೇ ಇದೆಯೆಂದು ತೋರುತ್ತದೆ. ಕ್ರಮವಿಧಿಯೊಂದನ್ನು ರಚಿಸಿ ಅದು ಯಂತ್ರದ ಮೇಲೆ ಓಡಿತೆಂದರೆ ಕೆಲಸ ಮುಗಿಯಿತೆಂದೂ, ಬರವಣಿಗೆಯೆಂಬುದು ಕಡೆಯ ಎರಡು ವಾರಗಳಲ್ಲಿ ಹೇಗೋ ಪುಟ ತುಂಬಿಸಿ ರಟ್ಟು ಕಟ್ಟಿಸುವ ವ್ಯವಹಾರವೆಂದೂ ಅವರು ಭಾವಿಸುತ್ತಾರೆ. ಪ್ರಬಂಧವು ಮುಗಿಯಿತೆಂದು ಯಾವಾಗ ಹೇಳಬಹುದು? ಅಧ್ಯಾಪಕರಾದ ನಾವೂ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪೂರ್ವ. ಇದನ್ನು ವಿಚಾರಮಾಡಲು ನಮ್ಮ ದೇಶದಲ್ಲಿಯೇ ನಡೆದ ಒಂದು ನಿದರ್ಶನವಿದೆ.

ಒಂದು ಸಂಖ್ಯೆಯು ಅವಿಭಾಜ್ಯವೇ ಅಲ್ಲವೇ ಎಂದು ತಿಳಿಯುವುದಕ್ಕೆ ಅದನ್ನು ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗುವ ಕ್ರಮವನ್ನು ಶಾಲೆಯ ಮಕ್ಕಳೂ ಬಲ್ಲರು. ಸಂಖ್ಯೆಯಲ್ಲಿ ಮುನ್ನೂರು ಅಂಕಿಗಳಿದ್ದರೆ ಈ ಕ್ರಮದಿಂದ ಏನೂ ಸಾಗದು. ಅಂಕಿಗಳು ಹೆಚ್ಚಿದಂತೆ ಶ್ರಮವು ಮಿತಿಮೀರಿ ಬೆಳೆಯದೆ, ಅದೃಷ್ಟವನ್ನಾಗಲಿ ಸಿದ್ಧವಾಗದ ಊಹೆಯನ್ನಾಗಲಿ ನೆಚ್ಚದೆ, ಎಲ್ಲ ಸಂಖ್ಯೆಗಳಿಗೂ ಸಲ್ಲುವ ಪರೀಕ್ಷೆಯೊಂದಿದೆಯೆ ಎಂಬುದು ಬಹುಕಾಲ ಬಿಡಿಸಲಾಗದೆ ಉಳಿದಿದ್ದ ಪ್ರಶ್ನೆ. ಕಾನ್ಪುರದ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲರು ಇದರಲ್ಲಿ ತೊಡಗಿದ್ದರು. ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ ಸರಿಹೊಂದುವ ಬೀಜಗಣಿತದ ಸಮತೆಯೊಂದಿದೆ. ಅದನ್ನು ಪೂರ್ತಿಯಾಗಿ ಪರೀಕ್ಷಿಸಬೇಕಾದರೆ ಆ ಸಂಖ್ಯೆ ಎಷ್ಟು ದೊಡ್ಡದೋ ಸುಮಾರು ಅಷ್ಟೇ ಪದಗಳನ್ನು ನೋಡಬೇಕಾಗುತ್ತದೆ. ಸಮತೆಯನ್ನು ಕಡಿಮೆ ಘಾತದ ಬಹುಪದಿಯೊಂದರಿಂದ ಭಾಗಿಸಿ ಶೇಷವನ್ನು ಮಾತ್ರ ನೋಡಿದರೆ ಸಾಲದೆ?

2001ರಲ್ಲಿ ರಜತ್ ಭಟ್ಟಾಚಾರ್ಜಿ, ಪ್ರಶಾಂತ್ ಪಾಂಡೆ ಎಂಬ ಇಬ್ಬರು ಬಿ.ಟೆಕ್. ವಿದ್ಯಾರ್ಥಿಗಳು ತಮ್ಮ ವರದಿಯಲ್ಲಿ ಈ ಬಗೆಯ ಊಹೆಯೊಂದನ್ನು ಖಚಿತವಾದ ಮಾತುಗಳಲ್ಲಿ ಬರೆದಿಟ್ಟರು. ಅದನ್ನು ಅವರು ಸಾಧಿಸಲಿಲ್ಲ. ಮರುವರ್ಷ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ವಿದ್ಯಾರ್ಥಿಗಳು ಅದನ್ನೇ ಎತ್ತಿಕೊಂಡು, ಘಾತವು 100ರವರೆಗೆ, ಸಂಖ್ಯೆಯು ಸಾವಿರ ಕೋಟಿಯವರೆಗೆ ಇರುವಲ್ಲಿ ಊಹೆಯು ತಪ್ಪುವುದಿಲ್ಲವೆಂದು ತಾಳೆ ನೋಡಿದರು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಅಗ್ರವಾಲರೊಡನೆ ಸೇರಿ, ಊಹೆಯನ್ನು ಆಶ್ರಯಿಸದೆಯೇ, ಶೇಷದ ಪರೀಕ್ಷೆಯನ್ನು ಒಂದು ಬಾರಿಗೆ ಬದಲಾಗಿ ಹಲವು ಬಾರಿ ನಡೆಸುವ ಮಾರ್ಗದಿಂದ ಪ್ರಶ್ನೆಯನ್ನು ಬಿಡಿಸಿಬಿಟ್ಟರು. 2004ರಲ್ಲಿ ಆ ಲೇಖನ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. 2006ರಲ್ಲಿ ಗಡೆಲ್ ಪ್ರಶಸ್ತಿ ಬಂದಿತು. ಇದು ಎಲ್ಲರೂ ಹೇಳುವ ಕಥೆ. ಅಷ್ಟಾಗಿ ಯಾರೂ ಹೇಳದ ಮಾತೊಂದುಂಟು. ಮೊದಲಿನ ಆ ಊಹೆಯು ಬಹುಶಃ ಸುಳ್ಳೆಂದು ಲೆನ್‌ಸ್ಟ್ರಾ, ಪಾಮರೆನ್ಸ್ ಎಂಬ ಗಣಿತಜ್ಞರು ಆಮೇಲೆ ಯುಕ್ತಿಪೂರ್ವಕವಾಗಿ ವಾದಿಸಿದ್ದಾರೆ. ಸಾವಿರ ಕೋಟಿಯವರೆಗೆ ನಿಜವಾದದ್ದು ಅದರಾಚೆ ನಿಜವಾಗಬೇಕಾಗಿಲ್ಲ. ಆದರೂ ಆ ಎರಡು ವರದಿಗಳನ್ನು ಅಪೂರ್ಣವೆನ್ನಲು ನನಗೆ ಮನಸ್ಸು ಬಾರದು. ಎಲ್ಲಿಯವರೆಗೆ ನೋಡಿದೆವು, ಎಲ್ಲಿ ನಿಂತೆವು ಎಂಬುದು ಮುಂದಿನವರಿಗೆ ತಿಳಿಯುವಂತಿದ್ದುದರಿಂದಲೇ ಅವು ಮುಗಿದ ಪ್ರಬಂಧಗಳು.

ಇಂಥ ವಿಷಯ ಎಲ್ಲರ ಪಾಲಿಗೂ ಬರುವುದಿಲ್ಲ, ನಿಜ. ಸಾಮಾನ್ಯವಾದುದೊಂದನ್ನು ನೋಡೋಣ. ಕನ್ನಡದ ಕಾಗುಣಿತದೋಷಗಳನ್ನು ತಿದ್ದುವ ಕ್ರಮವಿಧಿಯನ್ನು ಬರೆಯುತ್ತೇನೆಂದು ವಿದ್ಯಾರ್ಥಿಯೊಬ್ಬನು ಹೊರಡುತ್ತಾನೆ. ಸಂಧಿ, ವಿಭಕ್ತಿ, ಕ್ರಿಯಾರೂಪಗಳೆಲ್ಲ ಎದುರಾಗಿ ಈ ಕೆಲಸ ಒಂದು ವರ್ಷದಲ್ಲಲ್ಲ, ಹತ್ತು ವರ್ಷದಲ್ಲಿಯೂ ತೀರದು. ಅದೇ ವಿಷಯದೊಳಗೆ ತೀರಬಲ್ಲ ಪ್ರಶ್ನೆಯೂ ಇದೆ. ತಪ್ಪು ಪದದಿಂದ ಸರಿಯಾದ ಪದಕ್ಕೆ ಹೋಗಲು ಎಷ್ಟು ಸೇರಿಸುವಿಕೆ, ತೆಗೆಯುವಿಕೆ, ಬದಲಾವಣೆಗಳು ಬೇಕೆಂದು ಎಣಿಸಿ ಅವುಗಳ ನಡುವಣ ದೂರವನ್ನು ಅಳೆಯುವ ಕ್ರಮವನ್ನು ಲೆವೆನ್‌ಸ್ಟೈನ್ ಎಂಬ ರಷ್ಯದ ಗಣಿತಜ್ಞನು 1965ರಲ್ಲಿ ಪ್ರಕಟಿಸಿದನು. ಕನ್ನಡದಲ್ಲಿ ಎಣಿಸಬೇಕಾದುದು ಯಾವುದನ್ನು? ಯೂನಿಕೋಡಿನ ಸಂಕೇತಗಳನ್ನೋ, ನಾವು ಓದುವ ಇಡಿಯ ಅಕ್ಷರಗಳನ್ನೋ?

‘ಅಕ್ಕರೆ’ ಎಂಬುದಕ್ಕೆ ಒಬ್ಬನು ‘ಅಕರೆ’ ಎಂದು ಬರೆದನೆನ್ನಿ. ಸಂಕೇತಗಳನ್ನೆಣಿಸಿದರೆ ಅರ್ಧಾಕ್ಷರದ ಚಿಹ್ನೆಯೊಂದು, ‘ಕ’ಕಾರವೊಂದು ಸೇರಬೇಕಾಗಿ ದೂರವು ಎರಡು, ‘ಆಕರ’ ಎಂಬ ಪದಕ್ಕೂ ದೂರವು ಎರಡೇ. ಯಂತ್ರವು ನಿರ್ಧರಿಸಲಾರದು. ಅಕ್ಷರಗಳನ್ನೆಣಿಸಿದರೆ ‘ಅಕ್ಕರೆ’ಗೆ ಒಂದು, ‘ಆಕರ’ಕ್ಕೆ ಎರಡು, ಸರಿಯಾದ ಪದ ಗೆಲ್ಲುತ್ತದೆ. ಹಾಗೆಂದು ಅಕ್ಷರವೇ ಮೇಲೆನ್ನುವಂತಿಲ್ಲ. ‘ಹಣೆ’ಗೆ ‘ಹಣಿ’ ಎಂದು ಬರೆದಿದ್ದರೆ ಅಕ್ಷರಗಳ ಲೆಕ್ಕದಲ್ಲಿ ‘ಹಣೆ’ಯೂ ‘ಹತ್ತಿ’ಯೂ ಒಂದೇ ದೂರ, ಸಂಕೇತಗಳ ಲೆಕ್ಕದಲ್ಲಿ ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಮೂರು. ಯಾವ ಬಗೆಯ ತಪ್ಪಿಗೆ ಯಾವ ಎಣಿಕೆ ಮೇಲು? ಗೊತ್ತಾದ ಒಂದು ಪದಪಟ್ಟಿಯನ್ನಿಟ್ಟುಕೊಂಡು ಇದಕ್ಕೆ ಉತ್ತರ ಹೇಳಬಹುದು. ಆ ಪಟ್ಟಿ ಎಲ್ಲಿಂದ ಬಂದುದೆಂದು ಹೇಳಬೇಕು. ಕ್ರಮವಿಧಿಯನ್ನು ತಿದ್ದುವಾಗ ನೋಡಿದ ಪದಗಳನ್ನೇ ಕೊನೆಯ ಪರೀಕ್ಷೆಗೂ ಬಳಸಬಾರದು.

ಇಲ್ಲಿ ಕಣ್ಣಿಗೆ ಬೀಳದ ಹಳ್ಳವೊಂದಿದೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತದಿಂದಲೂ ಸೂಚಿಸಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತಗಳನ್ನು ಕೂಡಿಸಿಯೂ ಸೂಚಿಸಬಹುದು. ಓದುವವನಿಗೆ ಭೇದವಿಲ್ಲ, ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತಾರದಿದ್ದರೆ ಮುಂದಿನ ಅಳತೆಗಳು ಕೆಡುತ್ತವೆ. ಮಾರ್ಚ್ ತಿಂಗಳಿನಲ್ಲಿ ಇದು ಗೊತ್ತಾದ ವಿದ್ಯಾರ್ಥಿಯು ಎರಡು ವಾರ ಕಳೆದುಕೊಳ್ಳುತ್ತಾನೆ. ಗೊತ್ತಾಗದವನ ಕೋಷ್ಟಕಗಳು ಅಂದವಾಗಿಯೇ ಇರುತ್ತವೆ. ಮೊದಲನೆಯವನು ಆ ಎರಡು ವಾರಗಳ ವೃತ್ತಾಂತವನ್ನು ಪ್ರಬಂಧದಲ್ಲಿ ಬರೆಯಲು ನಾಚುತ್ತಾನೆ. ನನ್ನ ಮಟ್ಟಿಗೆ ಇಡೀ ಪ್ರಬಂಧದಲ್ಲಿ ಹೆಚ್ಚು ಬೆಲೆಯ ಪುಟಗಳು ಅವೇ.

ಬರವಣಿಗೆಯ ಕ್ರಮದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಮೊದಲ ತಿಂಗಳೇ ಬರೆದಿಡುವುದು, ಪ್ರಯೋಗಗಳನ್ನು ದಿನಾಂಕ ಸಹಿತ ಗುರುತು ಹಾಕುವುದು, ಪೀಠಿಕೆಯನ್ನು ಕಡೆಗೆ ಬರೆಯುವುದು, ಇಷ್ಟು ಸಾಕು. ಸಿದ್ಧ ಪ್ರಬಂಧಗಳು ಹಣಕ್ಕೆ ದೊರೆಯುವುದೂ, ಈಗೀಗ ಯಂತ್ರವೇ ಅಧ್ಯಾಯಗಳನ್ನು ಬರೆದುಕೊಡುವುದೂ ಎಲ್ಲರಿಗೂ ತಿಳಿದ ಸಂಗತಿ. ಅದಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಪುಟಗಳನ್ನೆಣಿಸಿ ಅಂಕ ಕೊಡುವವರು ನಾವು. ಮೌಖಿಕ ಪರೀಕ್ಷೆಯಲ್ಲಿ ಕೋಷ್ಟಕದ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು, ಇದು ಹೇಗೆ ಬಂದಿತೆಂದು ಕೇಳದಿರುವವರೂ ನಾವೇ.

ಕಾನ್ಪುರದ ಎರಡನೆಯ ಜೋಡಿಗೆ ಮೊದಲನೆಯವರ ಕೆಲಸ ಕೈಗೆ ಸಿಕ್ಕಿತು. ನಮ್ಮಲ್ಲಿ ರಟ್ಟು ಕಟ್ಟಿದ ಪ್ರಬಂಧಗಳು ಬೀರುವನ್ನು ಸೇರಿದ ಮೇಲೆ ಸಾಮಾನ್ಯವಾಗಿ ಯಾರ ಕೈಗೂ ಬರುವುದಿಲ್ಲ. ಕಳೆದ ಎರಡು ವರ್ಷಗಳಿಂದ ನಾನು ಹೊಸ ವಿದ್ಯಾರ್ಥಿಗಳಿಗೆ ವಿಷಯವನ್ನು ಸೂಚಿಸುವ ಮುನ್ನ ಹಿಂದಿನವರ ಎರಡು ಪ್ರಬಂಧಗಳ ಕೊನೆಯ ಅಧ್ಯಾಯಗಳನ್ನೂ ಅವರ ಪದಪಟ್ಟಿ, ಕ್ರಮವಿಧಿಗಳನ್ನೂ ಕೊಟ್ಟು, ಅವರು ನಿಂತಲ್ಲಿಗೆ ತಲಪಲು ಎಷ್ಟು ದಿನ ಹಿಡಿಯಿತೆಂದು ಬರೆದು ತರಲು ಹೇಳುತ್ತಿದ್ದೇನೆ. ಮೊದಲ ವರ್ಷ ಇಬ್ಬರು ಮಾತ್ರ ತಲಪಿದರು.