ಅಬ್ಬಕ್ಕನಿಗೆ ಆಗ ವಯಸ್ಸೆಷ್ಟು?

ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ ಬಂದಿರುವ ಜನಪ್ರಿಯ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತಲೆ ತಿರುಗುತ್ತದೆ. ಒಂದರಲ್ಲಿ ಆಕೆ 1570ರ ಸುಮಾರಿಗೆ ಪೋರ್ಚುಗೀಸರ ಸೆರೆಯಲ್ಲಿ ಕೊನೆಯುಸಿರೆಳೆಯುತ್ತಾಳೆ. ಇನ್ನೊಂದರಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿಯೊಬ್ಬನ ಜತೆ ದಾರಿಯಲ್ಲಿ ನಿಂತು ಮಾತಾಡುತ್ತಾಳೆ. ನಡುವೆ ಅರ್ಧ ಶತಮಾನ ಕಳೆದಿದೆ. ಎರಡೂ ಕಡೆ ಹೆಸರು ಅದೇ, ಬಿರುದು ಅದೇ, ಕೈಯಲ್ಲಿ ಕತ್ತಿಯೂ ಅದೇ.

ಆ ಪ್ರವಾಸಿ ರೋಮಿನ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಾಲ್ಲೆ. ಪರ್ಷಿಯಾದಲ್ಲಿ ವರ್ಷಗಟ್ಟಲೆ ಇದ್ದು ಭಾರತಕ್ಕೆ ಬಂದವನು. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜತೆ 1623ರಲ್ಲಿ ಗೋವಾ ಬಿಟ್ಟ. ಹೊನ್ನಾವರ, ಗೇರುಸೊಪ್ಪೆ, ಇಕ್ಕೇರಿ ಸುತ್ತಿ ಮಂಗಳೂರಿಗೆ ಇಳಿದ. ಕಂಡದ್ದನ್ನೆಲ್ಲ ನೇಪಲ್ಸ್‌ನ ಗೆಳೆಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆದು ತಿಳಿಸುತ್ತಿದ್ದ. ಅಬ್ಬಕ್ಕನನ್ನು ಕಣ್ಣಾರೆ ಕಂಡು ಬರೆದವರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವವನು ಇವನೇ.

ಆಕೆಯನ್ನು ಅವನು ಕಂಡದ್ದು ಅರಮನೆಯ ಸಿಂಹಾಸನದಲ್ಲಿ ಅಲ್ಲ, ಮಣೇಲ್ ಎಂಬ ಊರಿನ ದಾರಿಯಲ್ಲಿ. ತಾನು ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲು ರಾಣಿ ನಡೆದೇ ಬರುತ್ತಿದ್ದಳು. ಮುಂದೆ ಕೆಲವು ಸಿಪಾಯಿಗಳು, ತಲೆಯ ಮೇಲೆ ತಾಳೆಗರಿಯ ದೊಡ್ಡ ಕೊಡೆ. ಸೊಂಟಕ್ಕೆ ದಪ್ಪ ಬಿಳಿ ಹತ್ತಿ ಬಟ್ಟೆ, ಕಾಲಿಗೆ ಏನೂ ಇಲ್ಲ. ಕಪ್ಪು ಮೈಬಣ್ಣ, ದಪ್ಪ ಶರೀರ, ಆದರೆ ನಡಿಗೆ ಚುರುಕು. ಅಡುಗೆ ಕೆಲಸದವಳೋ ಅಗಸಗಿತ್ತಿಯೋ ಇರಬೇಕು ಎನ್ನುವಂಥ ರೂಪ ಎಂದು ದೆಲ್ಲಾ ವಾಲ್ಲೆ ಮುಲಾಜಿಲ್ಲದೆ ಬರೆಯುತ್ತಾನೆ. ಸ್ಪೇನಿನ ದೊರೆಯ ಸೈನ್ಯವನ್ನು ಸೋಲಿಸಿದ್ದು ಇವಳೇ ಎಂದು ಬೆರಗಾಗುತ್ತಾನೆ. ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಕೈಕೆಳಗಿತ್ತು. ಬಾಯಿ ತೆರೆದ ಮೇಲೆ ಮಾತ್ರ ಆಕೆ ರಾಣಿಯೇ ಎಂದು ಒಪ್ಪುತ್ತಾನೆ: ಇಂಪಾದ ದನಿ, ತೂಕದ ಮಾತು.

ಜೀವನಚರಿತ್ರೆ ಬರೆಯುವವರಿಗೆ ಇಲ್ಲಿ ಬಂಗಾರದಂಥ ವಿವರ ಒಂದಿದೆ. ರಾಣಿಗೆ ಸುಮಾರು ನಲವತ್ತು ವರ್ಷ ಎಂದು ಅವನ ಅಂದಾಜು. ಪೋರ್ಚುಗೀಸರು ಹೇಳಿದ್ದಕ್ಕಿಂತ ಬಹಳ ಚಿಕ್ಕವಳಾಗಿ ಕಂಡಳು ಎಂದೂ ಸೇರಿಸುತ್ತಾನೆ. ಲೆಕ್ಕ ಹಾಕಿದರೆ ಆಕೆ ಹುಟ್ಟಿದ್ದು 1583ರ ಆಸುಪಾಸು. ಪೋರ್ಚುಗೀಸರು ಮಂಗಳೂರಿನ ಮೇಲೆ ಬಿದ್ದು ಕೋಟೆ ಕಟ್ಟಿದ್ದು 1568ರಲ್ಲಿ. ಕಣ್ಣಂದಾಜು ಹತ್ತು ವರ್ಷ ತಪ್ಪಿದೆ ಎಂದೇ ಇಟ್ಟುಕೊಳ್ಳೋಣ, ಆಗಲೂ ಆ ಯುದ್ಧದ ಹೊತ್ತಿಗೆ ಈ ರಾಣಿ ಇನ್ನೂ ಹುಟ್ಟಿರಲಿಲ್ಲ.

ಹಾಗಾದರೆ 1568ರಲ್ಲಿ ಉಳ್ಳಾಲದಲ್ಲಿ ಇದ್ದವರು ಯಾರು? ಉಳ್ಳಾಲವನ್ನು ಆಳುತ್ತಿದ್ದ ಚೌಟರದು ಅಳಿಯಸಂತಾನ ಕಟ್ಟಿನ ಜೈನ ಅರಸು ಮನೆತನ. ಪಟ್ಟ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವುದು ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಆದ್ದರಿಂದ ಉಳ್ಳಾಲವನ್ನು ಆಳಿದ ಹೋರಾಟದ ರಾಣಿ ಒಬ್ಬಳಲ್ಲ, ಇಬ್ಬರೋ ಮೂವರೋ ಇರಬೇಕು ಎಂಬ ವಾದ ಬಹಳ ಹಿಂದಿನಿಂದ ಇದೆ. ಜನರ ನೆನಪು ಅವರೆಲ್ಲರನ್ನೂ ಒಂದೇ ಹೆಸರಿನಡಿ ಕೂಡಿಸಿಕೊಂಡಿದೆ. ಯಕ್ಷಗಾನಕ್ಕೆ ಅದು ಒಪ್ಪುತ್ತದೆ, ರಂಗಕ್ಕೆ ಒಬ್ಬಳೇ ನಾಯಕಿ ಸಾಕು. ಇಸವಿ ಹಾಕಿ ಜೀವನಚರಿತ್ರೆ ಎಂದು ಅಚ್ಚು ಮಾಡುವಾಗ ಒಪ್ಪುವುದಿಲ್ಲ.

ದೆಲ್ಲಾ ವಾಲ್ಲೆ ಬರೆದದ್ದೆಲ್ಲ ಒಂದೇ ತೂಕದ್ದಲ್ಲ. ಕೊಡೆ, ಬಟ್ಟೆ, ನಡಿಗೆ, ಮಾತಿನ ಧಾಟಿ ಅವನು ಕಂಡು ಕೇಳಿದ್ದು. ಮಾತು ನಡೆದದ್ದು ದುಭಾಷಿಯ ಮೂಲಕ, ಆದ್ದರಿಂದ ಆಕೆ ಏನು ಹೇಳಿದಳು ಎಂಬುದು ಒಂದು ಕೈ ದಾಟಿ ಬಂದಿದೆ. ಇನ್ನು ನೆರೆಯ ಅರಸ ಬಂಗರಾಜನ ಜತೆಗಿನ ಮದುವೆ ಮುರಿದದ್ದು, ಅವನು ಕೊಟ್ಟ ಒಡವೆಗಳನ್ನು ಆಕೆ ಹಿಂದಿರುಗಿಸಿದ್ದು, ಅವನು ಹೊಳೆಯಲ್ಲಿ ಆಕೆಯನ್ನು ಹಿಡಿಸಿದ್ದು, ಆಕೆ ವೆಂಕಟಪ್ಪ ನಾಯಕನ ನೆರವು ಕೇಳಿದ್ದು, ಬಂಗರಾಜ ಪೋರ್ಚುಗೀಸರ ಕಡೆ ಹೋದದ್ದು, ಇವೆಲ್ಲ ಅವನಿಗೆ ಬೇರೆಯವರು ಹೇಳಿದ ಕಥೆಗಳು. ಹಿರಿಯ ಮಗನಿಗೆ ವಿಷ ಹಾಕಿಸಿದಳು ಎಂಬ ಗುಲ್ಲು ಕೂಡ ಹಾಗೇ ಬಂದದ್ದು. ಆಕೆಯಿಂದ ಪೆಟ್ಟು ತಿಂದ ಪೋರ್ಚುಗೀಸರ ನಡುವೆ ಇಂಥ ಮಾತು ಹುಟ್ಟಿ ಬೆಳೆಯದಿದ್ದರೇ ಆಶ್ಚರ್ಯ.

ಅವನಿಗೂ ತನ್ನದೇ ಪೂರ್ವಗ್ರಹವಿತ್ತು. ರೇಷ್ಮೆ, ಜರಿಯ ರಾಣಿಯರನ್ನು ಕಂಡ ಕಣ್ಣಿಗೆ ಕರಾವಳಿಯ ಸೆಕೆಗೆ ತಕ್ಕ ಉಡುಗೆ ಬಡತನವಾಗಿ ಕಂಡಿತು. ಆದರೆ ಪೋರ್ಚುಗೀಸ್ ರಾಯಭಾರಿಯ ಜತೆ ಬಂದ ಕ್ಯಾಥೊಲಿಕ್ ಅತಿಥಿಯೇ ಇವಳು ನಮ್ಮವರನ್ನು ಸೋಲಿಸಿದವಳು ಎಂದು ಬರೆದರೆ ಆ ಸಾಲಿಗೆ ಬೆಲೆ ಹೆಚ್ಚು. ತನ್ನ ಪಕ್ಷಕ್ಕೆ ಅವಮಾನ ತರುವ ಸುಳ್ಳನ್ನು ಯಾರೂ ಸುಮ್ಮನೆ ಹೊಸೆಯುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. ದೆಲ್ಲಾ ವಾಲ್ಲೆ 1652ರಲ್ಲಿ ತೀರಿಕೊಂಡ, ಭಾರತದ ಕಾಗದಗಳು ಪುಸ್ತಕವಾದದ್ದು 1663ರಲ್ಲಿ. ನಮ್ಮಲ್ಲಿ ಹೆಚ್ಚಿನವರು ಓದುವುದು ಅದೇ ಶತಮಾನದ ಇಂಗ್ಲಿಷ್ ಅನುವಾದವನ್ನು ಹಕ್ಲೂಯ್ಟ್ ಸೊಸೈಟಿ 1892ರಲ್ಲಿ ಟಿಪ್ಪಣಿ ಸೇರಿಸಿ ಮತ್ತೆ ಅಚ್ಚು ಹಾಕಿಸಿದ ಪ್ರತಿ.

ಬಿರುದುಗಳ ಕಡೆಗೂ ಕಣ್ಣು ಹಾಯಿಸಬೇಕು. ಯುದ್ಧದಲ್ಲಿ ಅಗ್ನಿಬಾಣ ಬಳಸಿದ ಕೊನೆಯ ವ್ಯಕ್ತಿ ಅಬ್ಬಕ್ಕ ಎಂಬ ಸಾಲು ಲೇಖನದಿಂದ ಲೇಖನಕ್ಕೆ ಹಾರುತ್ತಲೇ ಇದೆ. ‘ಕೊನೆಯ’ ಎನ್ನಲು ಆಮೇಲೆ ನಡೆದ ಯುದ್ಧಗಳನ್ನೆಲ್ಲ ಜಾಲಾಡಿರಬೇಕು, ಆ ಕೆಲಸ ಮಾಡಿದವರು ಯಾರು ಎಂದು ಯಾವ ಲೇಖನವೂ ಹೇಳುವುದಿಲ್ಲ. ಕರಾವಳಿ ಕಾವಲು ಪಡೆ 2012ರಲ್ಲಿ ಸೇವೆಗೆ ಸೇರಿಸಿಕೊಂಡ ಗಸ್ತು ಹಡಗಿಗೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟಿದೆ. ಆ ಗೌರವಕ್ಕೆ ಅಗ್ನಿಬಾಣದ ಹಂಗು ಬೇಕಿಲ್ಲ.

ಹುಡುಕಲು ಇನ್ನೂ ಬೇಕಾದಷ್ಟಿದೆ. ಮಳೆಗಾಲದ ಗಾಳಿ ನೋಡಿಕೊಂಡು ಹೊರಡುತ್ತಿದ್ದ ಹಡಗುಗಳಲ್ಲಿ ಲಿಸ್ಬನ್ ಮತ್ತು ಗೋವಾ ನಡುವೆ ಓಡಾಡಿದ ಸರಕಾರಿ ಪತ್ರಗಳು ‘ಮಾನ್ಸೂನ್ ಪುಸ್ತಕಗಳು’ ಎಂಬ ಹೆಸರಿನಲ್ಲಿ ಎರಡೂ ಊರುಗಳ ದಫ್ತರಗಳಲ್ಲಿವೆ. ಇತ್ತ ಮೂಡುಬಿದಿರೆಯಲ್ಲಿ ಚೌಟರ ಅರಮನೆ ನಿಂತಿದೆ, ಸುತ್ತಮುತ್ತಲ ಬಸದಿಗಳಲ್ಲಿ ಇಸವಿ ಕೊರೆದ ಶಾಸನಗಳಿವೆ. 1568ರ ರಾಣಿ ಯಾರು, 1623ರ ರಾಣಿಗೆ ಆಕೆ ಏನಾಗಬೇಕು ಎಂಬ ಪ್ರಶ್ನೆ ಹಿಡಿದು ಹೊರಟವರು ಪೋರ್ಚುಗೀಸ್ ಕಾಗದ ಮತ್ತು ತುಳುನಾಡಿನ ಕಲ್ಲು ಎರಡನ್ನೂ ಓದಬೇಕಾಗುತ್ತದೆ.