ಹೆದ್ದಾರಿಯ ಗೆರೆ ಎಳೆಯುವಾಗ ಊರಿನವರು ಹೇಳಬೇಕಾದದ್ದು

ಕಡೂರು, ಬೀರೂರು, ತರೀಕೆರೆಗಳ ಮೂಲಕ ಹಾಯುವ ತುಮಕೂರು–ಶಿವಮೊಗ್ಗ ರಸ್ತೆ ಹಿಂದೆ 206ನೆಯ ರಾಷ್ಟ್ರೀಯ ಹೆದ್ದಾರಿ. ಈಗ ಈ ಊರುಗಳ ಭಾಗದಲ್ಲಿ ಅದರ ಸಂಖ್ಯೆ 69. ಇಂತಹ ರಸ್ತೆ ಅಗಲವಾಗುವಾಗ ಅಥವಾ ಊರ ಹೊರಗೆ ಹೊಸ ಬೈಪಾಸ್ ಬರುವಾಗ ರೈತರು ಎಚ್ಚರಗೊಳ್ಳುವುದು ಸಾಮಾನ್ಯವಾಗಿ ಹೊಲದಲ್ಲಿ ಕಲ್ಲು ನೆಟ್ಟ ಮೇಲೆಯೇ. ಅಷ್ಟು ಹೊತ್ತಿಗೆ ಉಳಿಯುವುದು ಪರಿಹಾರದ ಮಾತು ಮಾತ್ರ. ನೀರಿಗೆ, ದನಕ್ಕೆ, ಬಂಡಿಗೆ ಎಲ್ಲಿ ದಾರಿ ಬಿಡಬೇಕೆಂದು ಹೇಳುವ ಕಾಲ ಅದಕ್ಕೂ ಮೊದಲಿನದು.

ನಮ್ಮ ಸೀಮೆಯಲ್ಲಿ ನೀರಿನ ವಿಚಾರವೇ ಮುಖ್ಯ. ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದಕೆರೆಯ ಕಡೆಯಿಂದ ಆವತಿ ಹರಿದು ಬಂದು ಕೂಡಿ ವೇದಾವತಿಯಾಗುತ್ತವೆ. ಸಣ್ಣ ಕೆರೆಗಳಲ್ಲಿ ಮೇಲಿನದರ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಎತ್ತರಿಸಿದ ಹೆದ್ದಾರಿಯು ಇವುಗಳ ನಡುವೆ ಹಾಕಿದ ಏರಿಯಂತೆಯೇ ಸರಿ. ಮೋರಿ ಕಿರಿದಾದರೆ ಮೇಲಿನ ತೋಟದಲ್ಲಿ ನೀರು ನಿಂತು ಅಡಿಕೆಯ ಬೇರು ಕೊಳೆಯುತ್ತದೆ, ಕೆಳಗಿನ ಕೆರೆ ಬರಿದಾಗುತ್ತದೆ. ಬೇಸಿಗೆಯಲ್ಲಿ ಸರ್ವೆಗೆ ಬಂದವರಿಗೆ ಕಾಣುವುದು ಒಣ ಹಳ್ಳ. ದೊಡ್ಡ ಮಳೆಯ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಊರಿನ ಹಿರಿಯರೂ ನೀರಗಂಟಿ ಕೆಲಸ ಮಾಡಿದವರೂ ಬಲ್ಲರು. ಗ್ರಾಮ ನಕಾಶೆಯ ಪ್ರತಿ ತಂದು ಅವರನ್ನು ಕೂರಿಸಿಕೊಂಡು ಹಳ್ಳ, ಕೋಡಿ, ಬಸಿಗಾಲುವೆಗಳನ್ನು ಸರ್ವೆ ನಂಬರು ಸಹಿತ ಗುರುತು ಮಾಡಿಸಿರಿ. ಇಂಜಿನಿಯರಿಗೆ ಹತ್ತು ಭಾಷಣಗಳಿಗಿಂತ ಈ ಒಂದು ಹಾಳೆ ಹೆಚ್ಚು ಉಪಯುಕ್ತ.

ಅದೇ ಹಾಳೆಯಲ್ಲಿ ದಾರಿಗಳನ್ನೂ ಬರೆಯಿರಿ. ನಕಾಶೆ ಕಂಡ ದಾರಿ ಅಧಿಕಾರಿಗಳಿಗೆ ಗೊತ್ತಾಗುತ್ತದೆ. ರೂಢಿಯ ದಾರಿಯನ್ನು ನೀವೇ ತೋರಿಸಬೇಕು. ಅಮೃತಮಹಲ್ ಕಾವಲುಗಳಿರುವ ಅಜ್ಜಂಪುರದ ಕಡೆ ದನ, ಕುರಿಗಳ ಓಡಾಟ ಹೆಚ್ಚು. ಕೆಳಸೇತುವೆ ಕೇಳುವಾಗ ಹುಲ್ಲು ಹೇರಿದ ಟ್ರಾಕ್ಟರು ಹಾಯುವಷ್ಟು ಎತ್ತರ ಕೇಳಿರಿ. ಮಳೆಗಾಲದಲ್ಲಿ ಅದೇ ಕೆರೆಯಾಗದಂತೆ ನೀರು ಹೊರಹೋಗುವ ಏರ್ಪಾಡೂ ಇರಲಿ.

ಇದನ್ನು ಯಾವಾಗ ಕೊಡಬೇಕು? ಹೊಸ ರಾಷ್ಟ್ರೀಯ ಹೆದ್ದಾರಿಗೆ 2006ರ ಪರಿಸರ ಅಧಿಸೂಚನೆಯಂತೆ ಜಿಲ್ಲೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. (ಅಗಲೀಕರಣವೆಲ್ಲಕ್ಕೂ ಈ ಸಭೆ ಇರುವುದಿಲ್ಲ, ಉದ್ದ, ಅಗಲಗಳ ಮಿತಿ ದಾಟಿದವಕ್ಕೆ ಮಾತ್ರ.) ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯೋಜನೆಯ ಸಾರಾಂಶ ಕನ್ನಡದಲ್ಲಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗಬೇಕು. ಸಭೆಯ ಕೊನೆಯಲ್ಲಿ ನಡವಳಿಯನ್ನು ಓದಿ ಹೇಳುವ ನಿಯಮವಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬರದೆ, ನಿಮ್ಮ ಮಾತು ದಾಖಲಾಗಿದೆಯೇ ಎಂದು ಕೇಳಿಕೊಂಡೇ ಬನ್ನಿರಿ.

ಜಮೀನು ಹೋಗುವುದಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ 3ಎ ಪ್ರಕಟಣೆ ಹೊರಡುತ್ತದೆ. ತಕರಾರು ಸಲ್ಲಿಸಲು 21 ದಿನ ಮಾತ್ರ ಅವಕಾಶ. ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಖುದ್ದಾಗಿ ಅಹವಾಲು ಹೇಳುವ ಹಕ್ಕೂ ನಿಮಗಿದೆ. ಆಮೇಲೆ 3ಡಿ ಘೋಷಣೆಯಾದರೆ ಜಮೀನು ಕೇಂದ್ರ ಸರ್ಕಾರದ್ದು. ಗ್ರಾಮಸಭೆಯ ಒಪ್ಪಿಗೆಯನ್ನು ಈ ಕಾಯಿದೆ ಕೇಳುವುದಿಲ್ಲ. ಆದರೂ ಮೇಲಿನ ನಕಾಶೆಯೊಡನೆ ಗ್ರಾಮಸಭೆಯ ಠರಾವನ್ನು ಲಗತ್ತಿಸಿದರೆ ಅದು ಒಬ್ಬನ ದೂರಾಗದೆ ಊರಿನ ಬೇಡಿಕೆಯಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪರಿಹಾರಕ್ಕೆ 2013ರ ಭೂಸ್ವಾಧೀನ ಕಾಯಿದೆಯ ಲೆಕ್ಕ 2015ರಿಂದ ಹೆದ್ದಾರಿಗೂ ಅನ್ವಯಿಸುತ್ತಿದೆ. ಅನೇಕರು ಮರೆಯುವ ಬಾಬತ್ತು ಒಂದಿದೆ: ರಸ್ತೆ ಹೊಲವನ್ನು ಎರಡಾಗಿ ಸೀಳಿ, ಕೊಳವೆಬಾವಿ ಆಚೆ, ತೋಟ ಈಚೆ ಉಳಿದರೆ ಆ ನಷ್ಟವನ್ನೂ ಕೇಳಬಹುದು. ಹಣ ಸಾಲದೆನಿಸಿದರೆ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶವಿದೆ.

ಇದಕ್ಕೆಲ್ಲ ಪಹಣಿ ಸರಿಯಿರಬೇಕು. ತೀರಿಕೊಂಡ ತಂದೆಯ ಹೆಸರಿನಲ್ಲೇ ಖಾತೆಯಿದ್ದರೆ ಪೌತಿ ಖಾತೆಗೆ ಈಗಲೇ ಅರ್ಜಿ ಹಾಕಿರಿ. ಅಣ್ಣತಮ್ಮಂದಿರ ಪಾಲಾಗಿದ್ದರೆ ಪೋಡಿ ಮಾಡಿಸಿರಿ. ಅಜ್ಜಂಪುರವು ತರೀಕೆರೆ ತಾಲ್ಲೂಕಿನಿಂದ ಬೇರೆಯಾಗಿರುವುದರಿಂದ, ಪ್ರಕಟಣೆಯಲ್ಲಿ ನಿಮ್ಮ ಸರ್ವೆ ನಂಬರನ್ನು ಎರಡು ತಾಲ್ಲೂಕಿನ ಹೆಸರಿನಡಿಯಲ್ಲೂ ಹುಡುಕಿ ನೋಡಿರಿ.